ಹಾಂಗ್‌ಕಾಂಗ್‌ಗೆ ಹೊರಟವರಿಗೆ: ಊಟದ ವಿಷಯ

ಎಲ್ಲರಿಗೂ ನಮಸ್ಕಾರ. ಕಾರವಾರದ ಗಾಡಿಯ ಗೋಬಿ ಮಂಚೂರಿಯನ್ನು ಅಲ್ಲಿ ಹುಡುಕಬೇಡಿ. ಅಲ್ಲಿಯದು ಕ್ಯಾಂಟನೀಸ್, ಅಂದರೆ ದಕ್ಷಿಣ ಚೀನಾದ ಅಡುಗೆ. ಖಾರ ಕಡಿಮೆ, ಆವಿಯಲ್ಲಿ ಬೇಯಿಸಿದ್ದು ಜಾಸ್ತಿ.

ಮೊಬೈಲ್ ಸಾಮಾನಿಗೆ ಹೇಗೂ ಶಾಮ್ ಶುಯ್ ಪೋ ಪೇಟೆಗೆ ಹೋಗುತ್ತೇವೆ, ಅಲ್ವಾ? ಅಲ್ಲೇ ಟಿಮ್ ಹೋ ವಾನ್ ಹೋಟೆಲಿನಲ್ಲಿ ಡಿಮ್ ಸಮ್ (ಚಹಾ ಜೊತೆ ತಿನ್ನುವ ಪುಟ್ಟ ತಿಂಡಿಗಳು) ತಿನ್ನೋಣ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಮೂರೋ ನಾಲ್ಕೋ ತುಂಡು ಬಿಸಿಬಿಸಿ ಬರುತ್ತವೆ. ಹಾರ್ ಗಾವ್ ಅಂದರೆ ಸಿಗಡಿ ತುಂಬಿದ ಕಡುಬು. ಹೊದಿಕೆ ಎಷ್ಟು ತೆಳು ಅಂದರೆ ಒಳಗಿನ ಸಿಗಡಿಯ ಕೆಂಪು ಹೊರಗೇ ಕಾಣುತ್ತದೆ. ಚ್ಯೂಂಗ್ ಫನ್ ನೋಡಿದರೆ ನೀರುದೋಸೆ ಸುತ್ತಿಟ್ಟು ಸೋಯಾ ಸಾಸ್ ಸುರಿದ ಹಾಗೆ. ನನಗೆ ಅದೇ ಇಷ್ಟ. ಬೆಳಿಗ್ಗೆ ಬೇಗ ಹೋದರೆ ಸಾಲು ಕಡಿಮೆ.

ಹಂದಿ ತಿನ್ನದವರು ಚಾರ್ ಸಿಯು (ಸುಟ್ಟ ಹಂದಿ ಮಾಂಸ), ಸಿಯು ಮೈ (ಹಂದಿ ಮಾಂಸ ತುಂಬಿದ ಕಡುಬು) ಎರಡನ್ನೂ ಬಿಡಿ. ಶಿರಸಿಯ ಸಸ್ಯಾಹಾರಿಗಳಿಗೆ ಡೈಮಂಡ್ ಹಿಲ್ ಮೆಟ್ರೋ ಹತ್ತಿರ ನಾನ್ ಲಿಯನ್ ಉದ್ಯಾನದಲ್ಲಿ ಚಿ ಲಿನ್ ಹೋಟೆಲ್ ಇದೆ, ಪೂರ್ತಿ ಸಸ್ಯಾಹಾರಿ. ಬೇರೆ ಕಡೆ ಬರೀ ಸೊಪ್ಪು ಅಂದರೂ ಮೇಲೆ ಆಯ್ಸ್ಟರ್ (ಸಿಂಪಿ) ಸಾಸ್ ಹಾಕಿರುತ್ತಾರೆ. ಕೇಳಿಯೇ ತಿನ್ನಿ.

ಇನ್ನೊಂದು. ಚಹಾಕ್ಕೆ ತಲೆಗಿಷ್ಟು ಅಂತ ದುಡ್ಡು ಹಿಡಿಯುತ್ತಾರೆ. ಕಳೆದ ಸಲ ಒಂದು ಕಡೆ ಸುಮ್ನೆ ಇಟ್ಟ ಶೇಂಗಾ ಪ್ಲೇಟಿಗೂ ಬಿಲ್ ಬಂತು! ಬೇಡವಾದರೆ ಕೂತ ಕೂಡಲೇ ವಾಪಸ್ ಕೊಡಿ. ಯಾರಾದರೂ ನಿಮ್ಮ ಕಪ್ಪಿಗೆ ಚಹಾ ಹಾಕಿದರೆ ಮೇಜಿನ ಮೇಲೆ ಎರಡು ಬೆರಳು ತಟ್ಟಿ, ಅದೇ ಅಲ್ಲಿಯ ಥ್ಯಾಂಕ್ಸ್.

ಸಸ್ಯಾಹಾರಿಗಳು ಯಾರ್ಯಾರು ಅಂತ ಭಾನುವಾರದೊಳಗೆ ಇಲ್ಲೇ ಹಾಕಿ.