ಕೋಟೆ ಬಿಟ್ಟು ಗುಡಿಯೊಂದನ್ನೇ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಹಾಸನ ಜಿಲ್ಲೆಯ ಪ್ರವಾಸೋದ್ಯಮದ ಬಗ್ಗೆ ಬರುತ್ತಿರುವ ಬರಹಗಳನ್ನು ಗಮನವಿಟ್ಟು ಓದುತ್ತಿದ್ದೇನೆ. ರಸ್ತೆ, ವಾಹನ ನಿಲುಗಡೆ, ವಸತಿಗೃಹಗಳ ಮಾತು ಅವುಗಳಲ್ಲಿ ಧಾರಾಳವಾಗಿರುತ್ತದೆ. ಹಳೇಬೀಡಿನ ಕೋಟೆಯ ಮಾತು ಮಾತ್ರ ಅಪರೂಪ. ಇತಿಹಾಸವನ್ನು ಬೋಧಿಸುವವನಾಗಿ ಈ ಕೊರತೆಯನ್ನು ಜರ್ಮನಿಯ ಕ್ವೆಡ್ಲಿನ್‌ಬುರ್ಗ್ ಪಟ್ಟಣದ ಸಂತ ಸೆರ್ವಾಟಿಯಸ್ ಚರ್ಚಿನ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಅನ್ನಿಸಿದೆ.

ಈ ಚರ್ಚು ನಿಂತಿರುವುದು ಪಟ್ಟಣದ ನಡುವೆ ಎದ್ದಿರುವ ಮರಳುಗಲ್ಲಿನ ಕೋಟೆಗುಡ್ಡದ ಮೇಲೆ. ದೊರೆ ಒಂದನೆಯ ಹೆನ್ರಿ 936ರಲ್ಲಿ ತೀರಿಕೊಂಡಾಗ ಅವನನ್ನು ಇಲ್ಲಿನ ಕೋಟೆಯೊಳಗಿನ ಚರ್ಚಿನಲ್ಲಿ ಸಮಾಧಿ ಮಾಡಲಾಯಿತು. ಅದೇ ವರ್ಷ ಅವನ ವಿಧವೆ ರಾಣಿ ಮಟಿಲ್ಡಾ, ಮಗ ಒಂದನೆಯ ಒಟ್ಟೋನ ಒಪ್ಪಿಗೆ ಪಡೆದು, ಕುಲೀನ ಮನೆತನಗಳ ಹೆಣ್ಣುಮಕ್ಕಳಿಗಾಗಿ ಮಠವೊಂದನ್ನು ಅಲ್ಲಿ ಸ್ಥಾಪಿಸಿದಳು. 968ರಲ್ಲಿ ಅವಳೂ ಗಂಡನ ಪಕ್ಕದಲ್ಲೇ ಮಣ್ಣಾದಳು. ಮಠದ ಅಧಿಪತಿಗಳು ಬರಿಯ ಪ್ರಾರ್ಥನೆಗೆ ಸೀಮಿತರಾದವರಲ್ಲ. ತಮ್ಮದೇ ನಾಣ್ಯ ಟಂಕಿಸಿದರು, ಪಟ್ಟಣವನ್ನು ಆಳಿದರು; ಒಟ್ಟೋನ ಮಗಳು ಮಟಿಲ್ಡಾ ಮಠಾಧಿಪತಿಯಾಗಿದ್ದಾಗ, ಚಕ್ರವರ್ತಿ ಮೂರನೆಯ ಒಟ್ಟೋ ಇಟಲಿಗೆ ಹೋಗಿದ್ದ ಹೊತ್ತಿನಲ್ಲಿ ರಾಜ್ಯಭಾರವನ್ನೇ ನೋಡಿಕೊಂಡಳು.

1070ರಲ್ಲಿ ಬೆಂಕಿ ಬಿದ್ದು ಹಳೆಯ ಕಟ್ಟಡ ಹಾಳಾಯಿತು. ದಪ್ಪ ಗೋಡೆ, ದುಂಡು ಕಮಾನುಗಳ ರೋಮನೆಸ್ಕ್ ಶೈಲಿಯಲ್ಲಿ ಇಂದು ಕಾಣುವ ಚರ್ಚಿಗೆ 1129ರಲ್ಲಿ ಪ್ರತಿಷ್ಠೆಯಾಯಿತು. ನಮ್ಮಲ್ಲಿ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಆರಂಭವಾದದ್ದು 1121ರ ಸುಮಾರಿಗೆ. ಎರಡು ಖಂಡಗಳ ಶಿಲ್ಪಿಗಳು ಪರಸ್ಪರರ ಸುಳಿವೇ ಇಲ್ಲದೆ ಒಂದೇ ತಲೆಮಾರಿನಲ್ಲಿ ಉಳಿ ಹಿಡಿದಿದ್ದರೆಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ಚರ್ಚಿನ ಒಳಗೆ ಉದ್ದನೆಯ ನಡುಹಜಾರ, ಅದರ ಎರಡೂ ಬದಿಗೆ ತಗ್ಗಾದ ಪಕ್ಕದ ಸಾಲುಗಳು, ತಲೆಯ ಮೇಲೆ ಸಮತಟ್ಟಾದ ಮರದ ಚಾವಣಿ. ಹಜಾರದ ಗೋಡೆಯನ್ನು ಹೊತ್ತ ಅರೆವೃತ್ತದ ಕಮಾನುಗಳ ಕೆಳಗೆ ಒಂದು ಚೌಕ ಕಂಬ, ಎರಡು ದುಂಡು ಕಂಬ, ಮತ್ತೆ ಒಂದು ಚೌಕ ಕಂಬ ಎಂಬ ಕ್ರಮವಿದೆ. ಇದು ಸ್ಯಾಕ್ಸನಿ ಸೀಮೆಯ ಕಟ್ಟಡಗಳ ಗುರುತು. ದುಂಡು ಕಂಬಗಳ ತಲೆಭಾಗದ ಬೋದಿಗೆಗಳನ್ನು ಹತ್ತಿರದಿಂದ ನೋಡಿದರೆ, ಮೂಲೆಗಳಲ್ಲಿ ರೆಕ್ಕೆ ಬಿಚ್ಚಿ ನಿಂತ ಹದ್ದುಗಳೂ ಬಳ್ಳಿಯ ಸುರುಳಿಗಳೂ ಕಾಣುತ್ತವೆ. ಪೂರ್ವದ ತುದಿಯಲ್ಲಿ, ತಗ್ಗಾದ ಕಮಾನು ಚಾವಣಿಯ ನೆಲಮಾಳಿಗೆಯಲ್ಲಿ ಹೆನ್ರಿ ಮತ್ತು ರಾಣಿ ಮಟಿಲ್ಡಾರ ಸಮಾಧಿಗಳಿವೆ. ನಮ್ಮ ಸ್ಥಪತಿಗಳು ಕಮಾನಿನ ಗೊಡವೆಗೆ ಹೋಗದೆ ಕಂಬ ಮತ್ತು ತೊಲೆಗಳಲ್ಲೇ ಭಾರವನ್ನು ನಿಭಾಯಿಸಿದರು. ಕೊರೆದಾಗ ಮೆತ್ತಗಿದ್ದು ಬರಬರುತ್ತ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಅವರು ತೋರಿದ ಸೂಕ್ಷ್ಮ ಮರಳುಗಲ್ಲಿಗೆ ದಕ್ಕುವಂಥದ್ದಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಈ ಚರ್ಚಿನ ಚರಿತ್ರೆಯಲ್ಲಿ ಕಹಿ ಅಧ್ಯಾಯವೂ ಇದೆ. ಹೆನ್ರಿ ಸತ್ತು ಸಾವಿರ ವರ್ಷವಾದ 1936ರಲ್ಲಿ ನಾಜಿ ನಾಯಕ ಹಿಮ್ಲರ್ ಇಲ್ಲಿ ಸಮಾರಂಭ ನಡೆಸಿದ. ಬಳಿಕ ಭಕ್ತರನ್ನು ಹೊರಗಟ್ಟಿ ಚರ್ಚನ್ನು ತನ್ನ ಪಡೆಯ ಸ್ಮಾರಕವಾಗಿಸಿ, ಹದಿನಾಲ್ಕನೆಯ ಶತಮಾನದ, ಚೂಪು ಕಮಾನಿನ ಗೋಥಿಕ್ ಶೈಲಿಯ ಭಾಗದ ಒಳಗೆ ರೋಮನೆಸ್ಕ್ ರೀತಿಯ ದುಂಡು ಗೋಡೆಯನ್ನು ಹೊಸದಾಗಿ ಎಬ್ಬಿಸಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಸೈನಿಕನೊಬ್ಬ ಇಲ್ಲಿನ ಅಮೂಲ್ಯ ನಿಧಿಯ ಹಲವು ವಸ್ತುಗಳನ್ನು ಕದ್ದು ಟೆಕ್ಸಾಸಿಗೆ ಸಾಗಿಸಿದ. ಅವುಗಳಲ್ಲಿ ಹೆಚ್ಚಿನವು ಚರ್ಚಿಗೆ ಮರಳಿದ್ದು 1990ರ ದಶಕದಲ್ಲಿ.

ನನ್ನ ವಾದಕ್ಕೆ ಮುಖ್ಯವಾದದ್ದು 1994ರ ಸಂಗತಿ. ಆ ವರ್ಷ ಯುನೆಸ್ಕೊ ಪಟ್ಟಿಗೆ ಸೇರಿದ್ದು ಚರ್ಚು ಮಾತ್ರವಲ್ಲ. ಚರ್ಚು, ಕೋಟೆ ಮತ್ತು ಹಳೆಯ ಪಟ್ಟಣ ಮೂರನ್ನೂ ಒಂದೇ ತಾಣವೆಂದು ಪರಿಗಣಿಸಿ, ಸಾವಿರಕ್ಕೂ ಹೆಚ್ಚು ಮರದ ಚೌಕಟ್ಟಿನ ಹಳೆಯ ಮನೆಗಳಿಗೂ ಆ ಗೌರವವನ್ನು ಹಂಚಲಾಯಿತು. ಕೋಟೆಯನ್ನು ಮರೆತು ಆ ಚರ್ಚನ್ನು ಅರ್ಥ ಮಾಡಿಕೊಳ್ಳಲಾಗದು, ಏಕೆಂದರೆ ದೊರೆಯ ಸಮಾಧಿ, ಮಠದ ಅಧಿಕಾರ ಮತ್ತು ಕೆಳಗಿನ ಪೇಟೆಯ ಬದುಕು ಒಂದಕ್ಕೊಂದು ಹೆಣೆದುಕೊಂಡಿವೆ.

ಹಳೇಬೀಡೂ ಹಾಗೆಯೇ ರಾಜಧಾನಿ ದೋರಸಮುದ್ರವಾಗಿತ್ತು. ಅದರ ಕೋಟೆ ಗೋಡೆಯ ಅವಶೇಷಗಳು ಊರಿನ ಸುತ್ತ ಇಂದಿಗೂ ಇವೆ. ದೋರಸಮುದ್ರದ ಕೆರೆ, ಬಸ್ತಿಹಳ್ಳಿಯ ಮೂರು ಬಸದಿಗಳು, ಕೇದಾರೇಶ್ವರ ಗುಡಿ, ಹುಲಿಕೆರೆಯ ಕೊಳ ಎಲ್ಲವೂ ಆ ನಗರದ ಅಂಗಗಳೇ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳ ಮುಂದೆ ನಿಲ್ಲದೆ, ಹೊಯ್ಸಳೇಶ್ವರದ ಸುತ್ತ ಒಂದು ಸುತ್ತು ಹಾಕಿ ಬಸ್ಸು ಹತ್ತುವವರೇ ಹೆಚ್ಚು.

ಆದ್ದರಿಂದ ಸಂಬಂಧಪಟ್ಟ ಇಲಾಖೆಗಳು ಕೋಟೆ ಗೋಡೆಯ ಉಳಿದ ಭಾಗಗಳನ್ನು ಸರ್ವೆ ಮಾಡಿಸಿ, ಗಿಡಗಂಟಿ ತೆಗೆಸಿ, ಗಡಿ ಗುರುತಿಸಬೇಕು. ದೇವಾಲಯದ ಆವರಣದಲ್ಲೇ ಇಡೀ ದೋರಸಮುದ್ರದ ನಕ್ಷೆಯನ್ನು ಕನ್ನಡದಲ್ಲಿ ಹಾಕಿಸಿ, ಬಸದಿಗಳ ಮೂಲಕ ಕೋಟೆಯವರೆಗೆ ನಡೆದು ಹೋಗುವ ದಾರಿಗೆ ಫಲಕಗಳನ್ನು ನೆಡಿಸಬೇಕು. ಗೋಡೆಯ ಪಕ್ಕದ ಜಮೀನಿನ ರೈತರನ್ನು ಕೂರಿಸಿಕೊಂಡು ಮಾತನಾಡಿದ ನಂತರವೇ ಈ ಕೆಲಸ ಶುರುವಾಗಲಿ ಎಂದು ವಿನಂತಿಸುತ್ತೇನೆ.

– ಇತಿಹಾಸ ಅಧ್ಯಾಪಕ, ಹಾಸನ