ಬೇಹುಗಾರರ ಕಾದಂಬರಿ ಬರೆಯುತ್ತಿರುವ ತಮ್ಮನಿಗೆ

ಪ್ರಿಯ ತಮ್ಮ,

ನೀನು ಕಳಿಸಿದ ಮೂರು ಅಧ್ಯಾಯ ಓದಿದೆ. ಭಾಷೆ ಚೆನ್ನಾಗಿದೆ, ಓಟವೂ ಇದೆ. ಆದರೆ ನಿನ್ನ ನಾಯಕ ಕೆಲಸ ಮಾಡುತ್ತಿರುವುದು ನಮ್ಮ ದೇಶದ ಹೊರಗಿನ ಬೇಹುಗಾರಿಕೆ ನೋಡಿಕೊಳ್ಳುವ ‘ರಾ’ದಲ್ಲಿ ಅಲ್ಲ, ಸಿನಿಮಾದಲ್ಲಿ. ಮೊದಲ ಅಧ್ಯಾಯದಲ್ಲಿ ಕರಾಚಿಯ ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾನೆ. ಎರಡನೆಯದರಲ್ಲಿ ಐದು ಜನರನ್ನು ಕೊಲ್ಲುತ್ತಾನೆ. ಮೂರನೆಯದರಲ್ಲಿ ನೇರವಾಗಿ ಪ್ರಧಾನಿಗೇ ಫೋನು ಹಚ್ಚುತ್ತಾನೆ. ಇಷ್ಟೆಲ್ಲ ಆದರೂ ಅವನು ತಂದ ಸುದ್ದಿ ನಿಜವೋ ಸುಳ್ಳೋ ಅಂತ ದೆಹಲಿಯಲ್ಲಿ ಒಬ್ಬರೂ ಕೇಳುವುದಿಲ್ಲ! ನನಗೆ ಬೇಜಾರಾಗಿದ್ದು ಅಲ್ಲಿ. ಹಾರಾಟ ಬೇಕಾದರೆ ಇರಲಿ.

ಕಾದಂಬರಿಯನ್ನು ಮಾತ್ರ ಬಿಡಬೇಡ. ವಸ್ತು ಒಳ್ಳೆಯದು. ಆದರೆ ಸುದ್ದಿ ಕದ್ದು ತಂದ ಕೂಡಲೇ ಕಥೆ ಮುಗಿಯಿತು ಅಂದುಕೊಂಡಿದ್ದೀಯ. ಬೇಹುಗಾರಿಕೆ ಸಂಸ್ಥೆಗೆ ನಿಜವಾದ ತಲೆನೋವು ಶುರುವಾಗುವುದೇ ಆಮೇಲೆ. ಇದನ್ನು ನಂಬಬೇಕಾ? ಎಷ್ಟು ನಂಬಬೇಕು? ಯಾರ ಮೇಜಿಗೆ ಕಳಿಸಬೇಕು? ಕಳಿಸಿದರೆ ಅವರು ಓದುತ್ತಾರಾ? ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇದರ ಬಗ್ಗೆಯೇ.

ಮೊದಲು ಆ ಆಫೀಸನ್ನು ಕಣ್ಮುಂದೆ ತಂದುಕೋ. 1968ರವರೆಗೆ ದೇಶದ ಒಳಗಿನದನ್ನೂ ಹೊರಗಿನದನ್ನೂ ಇಂಟೆಲಿಜೆನ್ಸ್ ಬ್ಯೂರೋನೇ (ಐಬಿ) ನೋಡಿಕೊಳ್ಳುತ್ತಿತ್ತು. 1962ರಲ್ಲಿ ಚೀನಾ, 1965ರಲ್ಲಿ ಪಾಕಿಸ್ತಾನ. ಎರಡೂ ಯುದ್ಧಗಳಲ್ಲಿ ಆ ಕಡೆ ಏನು ತಯಾರಿ ನಡೆದಿದೆ ಅನ್ನುವುದು ನಮಗೆ ಸರಿಯಾಗಿ ಗೊತ್ತಾಗಲಿಲ್ಲ. ಹೊರಗಿನ ಕೆಲಸಕ್ಕೇ ಬೇರೆ ಸಂಸ್ಥೆ ಬೇಕು ಅಂತ ಇಂದಿರಾ ಗಾಂಧಿ 1968ರ ಸೆಪ್ಟೆಂಬರಿನಲ್ಲಿ ರಿಸರ್ಚ್ ಆ್ಯಂಡ್ ಅನಾಲಿಸಿಸ್ ವಿಂಗ್, ಅಂದರೆ ‘ರಾ’, ಶುರು ಮಾಡಿಸಿದರು. ಐಬಿಯಲ್ಲಿದ್ದ ರಾಮೇಶ್ವರ ನಾಥ ಕಾವ್ ಮೊದಲ ಮುಖ್ಯಸ್ಥರು. ಕೆ. ಶಂಕರನ್ ನಾಯರ್ ಅವರ ಬಲಗೈ. ಸಂಸ್ಥೆ ಇರುವುದು ಸಂಪುಟ ಸಚಿವಾಲಯದ ಅಡಿಯಲ್ಲಿ, ಮುಖ್ಯಸ್ಥರ ಹುದ್ದೆಗೆ ‘ಸಂಶೋಧನಾ ಕಾರ್ಯದರ್ಶಿ’ ಅಂತ ಹೆಸರು. ಕೇಳಿದವರಿಗೆ ರಾಗಿ ತಳಿ ಸಂಶೋಧನೆ ಮಾಡುವವರು ಅನ್ನಿಸಬೇಕು, ಹಾಗಿದೆ.

ಅದು ಎಲ್ಲಕ್ಕಿಂತ ಮೊದಲು ಒಂದು ಸರ್ಕಾರಿ ಕಚೇರಿ ಮಾರಾಯ. ಪೊಲೀಸ್ ಸೇವೆಯಿಂದ ಬಂದವರಿಗೂ ಸಂಸ್ಥೆಯ ಸ್ವಂತ ಕೇಡರಿನವರಿಗೂ ಬಡ್ತಿ ವಿಷಯದಲ್ಲಿ ಹಳೇ ಮುನಿಸು. 1980ರಲ್ಲಿ ಅಲ್ಲಿನ ನೌಕರರು ಮುಷ್ಕರವನ್ನೇ ಹೂಡಿದ್ದರು! ಆಮೇಲೆ 1985ರಲ್ಲಿ ಗುಪ್ತಚರ ಸಂಸ್ಥೆಗಳ ನೌಕರರು ಸಂಘ ಕಟ್ಟುವುದಕ್ಕೆ ಕಡಿವಾಣ ಹಾಕುವ ಕಾಯ್ದೆ ಬಂತು. ನಮ್ಮಲ್ಲಿ 2007-08ರಲ್ಲಿ ರಾಷ್ಟ್ರಪತಿ ಆಳ್ವಿಕೆ ಇದ್ದಾಗ ರಾಜ್ಯಪಾಲರ ಸಲಹೆಗಾರರಾಗಿದ್ದವರಲ್ಲಿ ಒಬ್ಬರು ಪಿ.ಕೆ. ಹಾರ್ಮಿಸ್ ತರಕನ್, ಅದಕ್ಕೆ ಸ್ವಲ್ಪ ಮುಂಚೆ ‘ರಾ’ದ ಮುಖ್ಯಸ್ಥರಾಗಿದ್ದವರು. ನಿನ್ನ ನಾಯಕನಿಗೂ ಒಂದು ರಜಾ ಅರ್ಜಿ, ಒಂದು ಟಿಎ ಬಿಲ್ಲು, ಸಹಿ ಹಾಕದೆ ಸತಾಯಿಸುವ ಒಬ್ಬ ಮೇಲಧಿಕಾರಿ ಇರಲಿ. ಆಗ ನಾನು ಅವನನ್ನು ನಂಬುತ್ತೇನೆ.

ಇನ್ನು ಕಳ್ಳತನದ ವಿಷಯ. ಸಾಮಾನ್ಯವಾಗಿ ಅಧಿಕಾರಿ ತಾನೇ ಹೋಗಿ ಏನನ್ನೂ ಕದಿಯುವುದಿಲ್ಲ. ರಾಯಭಾರ ಕಚೇರಿಯಲ್ಲಿ ಕಾರ್ಯದರ್ಶಿಯೋ ಇನ್ನೇನೋ ಅನ್ನುವ ಹೆಸರಿನಲ್ಲಿ ಕೂತಿರುತ್ತಾನೆ. ವೀಸಾ, ವ್ಯಾಪಾರ, ಸಂಜೆಯ ಪಾರ್ಟಿ, ಎಲ್ಲದರಲ್ಲೂ ಇರುತ್ತಾನೆ. ಆ ದೇಶದವರೇ ಆದ ಒಬ್ಬರನ್ನು ಒಲಿಸಿಕೊಳ್ಳುವುದು ಅವನ ಕೆಲಸ. ಮಂತ್ರಾಲಯದ ಗುಮಾಸ್ತ ಇರಬಹುದು, ಬಡ್ತಿ ಸಿಗದ ಮೇಜರ್ ಇರಬಹುದು. ಒಬ್ಬನಿಗೆ ದುಡ್ಡು ಬೇಕು, ಇನ್ನೊಬ್ಬನಿಗೆ ಸಿಟ್ಟು ತೀರಿಸಿಕೊಳ್ಳಬೇಕು, ಮತ್ತೊಬ್ಬನಿಗೆ ತಾನೂ ದೊಡ್ಡವನು ಅಂತ ಯಾರಾದರೂ ಹೇಳಿದರೆ ಸಾಕು. ಸಿಕ್ಕಿಬಿದ್ದಾಗ ಏನಾಗುತ್ತದೆ ನೋಡು. ಅಧಿಕಾರಿಗೆ 1961ರ ವಿಯೆನ್ನಾ ಒಪ್ಪಂದದ ರಕ್ಷಣೆ ಇದೆ. ದೇಶ ಬಿಟ್ಟು ಹೋಗು ಅನ್ನುತ್ತಾರೆ, ವಿಮಾನ ಹತ್ತಿ ಮನೆಗೆ ಬರುತ್ತಾನೆ. ಆ ಗುಮಾಸ್ತನಿಗೆ ವಿಮಾನ ಇಲ್ಲ. ಜೈಲೋ ನೇಣೋ, ಅವನಿಗೆ ಅಲ್ಲೇ. ನಿನ್ನ ಮೂರು ಅಧ್ಯಾಯದಲ್ಲಿ ಇಂಥವನೊಬ್ಬ ಅರ್ಧ ಪುಟ ಬಂದು ಸತ್ತು ಹೋಗುತ್ತಾನೆ, ಅವನಿಗೆ ಹೆಸರೂ ಇಲ್ಲ. ನಿನ್ನ ನಾಯಕನಿಗಿಂತ ಅವನೇ ದೊಡ್ಡ ಪಾತ್ರ ಅಂತ ನನಗನ್ನಿಸಿತು. ಅವನ ಮಕ್ಕಳ ಸ್ಕೂಲ್ ಫೀಸು ಎಲ್ಲಿಂದ ಬರುತ್ತಿದೆ ಅಂತ ಹೆಂಡತಿ ಯಾವತ್ತು ಮೊದಲ ಸಲ ಯೋಚಿಸಿದಳು? ಅದನ್ನು ಬರಿ.

ಸರಿ, ಸುದ್ದಿ ಬಂತು. ಈಗ ದೆಹಲಿಯ ಮೇಜು. ಪಶ್ಚಿಮದ ಸೇನೆಗಳಲ್ಲಿ, ಗುಪ್ತಚರ ಸಂಸ್ಥೆಗಳಲ್ಲಿ ಒಂದು ಪದ್ಧತಿ ಇದೆ. ಬ್ರಿಟಿಷ್ ನೌಕಾಪಡೆಯಿಂದ ಬಂದದ್ದು. ಪ್ರತಿ ವರದಿಗೂ ಒಂದು ಅಕ್ಷರ, ಒಂದು ಅಂಕಿ ಹಾಕುತ್ತಾರೆ. ಸುದ್ದಿ ಕೊಟ್ಟವನು ಎಷ್ಟು ನಂಬಿಕಸ್ಥ ಅನ್ನುವುದಕ್ಕೆ ‘ಎ’ಯಿಂದ ‘ಎಫ್’. ಸುದ್ದಿ ಎಷ್ಟು ನಂಬುವಂಥದ್ದು ಅನ್ನುವುದಕ್ಕೆ 1ರಿಂದ 6. ಎರಡನ್ನೂ ಬೇರೆ ಬೇರೆ ತೂಗಬೇಕು. ಯಾಕೆಂದರೆ ಹತ್ತು ವರ್ಷ ನಿಜ ಹೇಳಿದವನಿಗೂ ಯಾರೋ ಸುಳ್ಳು ಉಣಿಸಿರಬಹುದು. ಕಡು ಸುಳ್ಳುಗಾರನೂ ಒಂದು ದಿನ ನಿಜ ತಂದುಬಿಡಬಹುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೇ ಎಚ್ಚರ ಇದೆ. ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರು ಚಾರರು ಒಂದೇ ಮಾತು ಹೇಳಿದರೆ ಮಾತ್ರ ನಂಬು ಅನ್ನುತ್ತದೆ. ಆ ಗ್ರಂಥದ ಹಸ್ತಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು. ಮೈಸೂರಿಗೆ ಹೋದಾಗ ಆ ಕಟ್ಟಡದ ಮುಂದೆ ಸುಮ್ನೆ ಒಂದು ನಿಮಿಷ ನಿಂತು ಬಾ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ? ಇರಾಕಿನಿಂದ ಜರ್ಮನಿಗೆ ಓಡಿಬಂದ ಒಬ್ಬ ಎಂಜಿನಿಯರ್, ಸದ್ದಾಂ ಹುಸೇನ್ ಲಾರಿಗಳ ಮೇಲೆ ಜೈವಿಕ ಅಸ್ತ್ರದ ಕಾರ್ಖಾನೆ ಇಟ್ಟಿದ್ದಾನೆ ಅಂತ ಜರ್ಮನ್ ಗುಪ್ತಚರರಿಗೆ ಹೇಳಿದ. ಅವನಿಗಿಟ್ಟ ಗುಪ್ತನಾಮ ‘ಕರ್ವ್‌ಬಾಲ್’. ಯುದ್ಧಕ್ಕೆ ಮುಂಚೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವನನ್ನು ಎದುರು ಕೂರಿಸಿಕೊಂಡು ವಿಚಾರಿಸಲೇ ಇಲ್ಲ. ಆದರೂ 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆ ಲಾರಿಗಳ ಚಿತ್ರ ತೋರಿಸಿದರು. ಮುಂದಿನ ತಿಂಗಳು ಯುದ್ಧ. ಲಾರಿ ಕಾರ್ಖಾನೆ ಎಲ್ಲೂ ಸಿಗಲಿಲ್ಲ. ತಾನು ಹೇಳಿದ್ದು ಸುಳ್ಳು ಅಂತ 2011ರಲ್ಲಿ ಅವನೇ ಒಪ್ಪಿಕೊಂಡ. ಅಷ್ಟು ದೊಡ್ಡ ಸುಳ್ಳು ನಡೆದದ್ದು ಹೇಗೆ ಅಂದರೆ, ಕೇಳುವವರಿಗೆ ಅದೇ ಬೇಕಾಗಿತ್ತು.

ಸುದ್ದಿ ನಿಜವೇ ಇದ್ದರೂ ಪಾಡು ತಪ್ಪುವುದಿಲ್ಲ. 1971ರ ಡಿಸೆಂಬರಿನಲ್ಲಿ ನಡೆದದ್ದನ್ನು ಆಗಿನ ಅಧಿಕಾರಿಗಳು ನಿವೃತ್ತಿಯಾದ ಮೇಲೆ ಬರೆದಿದ್ದಾರೆ. ಪಾಕಿಸ್ತಾನದ ವಿಮಾನಗಳು ಡಿಸೆಂಬರ್ 1ರಂದು ದಾಳಿ ಮಾಡುತ್ತವೆ ಅಂತ ಒಬ್ಬ ಮೂಲದಿಂದ ‘ರಾ’ಗೆ ತಿಳಿಯಿತು. ವಾಯುಪಡೆ ಸಜ್ಜಾಗಿ ಕೂತಿತು. ಅವತ್ತು ಏನೂ ಆಗಲಿಲ್ಲ. ಮರುದಿನವೂ ಇಲ್ಲ. ಪೈಲಟ್‌ಗಳನ್ನು ಎಷ್ಟು ದಿನ ಹೀಗೆ ಕೂರಿಸುವುದು ಅಂತ ವಾಯುಪಡೆಯವರು ಕೇಳಿದರು. ಇನ್ನೊಂದು ದಿನ ತಡೆಯಿರಿ ಅಂದರು ನಾಯರ್. ಡಿಸೆಂಬರ್ 3ರ ಸಂಜೆ ಪಠಾಣ್‌ಕೋಟ್, ಅಮೃತಸರ, ಶ್ರೀನಗರ, ಆಗ್ರಾ, ಹೀಗೆ ಹಲವು ವಿಮಾನ ನೆಲೆಗಳ ಮೇಲೆ ಬಾಂಬು ಬಿತ್ತು. ನಮ್ಮವರು ತಯಾರಿದ್ದರು, ಹಾನಿ ಜಾಸ್ತಿ ಆಗಲಿಲ್ಲ. ಆ ಎರಡನೇ ರಾತ್ರಿ ನಾಯರ್ ಅವರಿಗೆ ನಿದ್ದೆ ಬಂದಿರುತ್ತದಾ? ನೀನು ಬರೆದ ಐದು ಕೊಲೆಗಳಿಗಿಂತ ಆ ಒಂದು ರಾತ್ರಿಯಲ್ಲಿ ಉಸಿರು ಬಿಗಿಹಿಡಿಸುವಂಥದ್ದು ಹೆಚ್ಚಿದೆ.

ಈಗ ಕಾರ್ಗಿಲ್. ನಿನ್ನ ಕಥೆ 1999ರಲ್ಲೇ ನಡೆಯುತ್ತದೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯುದ್ಧ ಮುಗಿದ ಮೇಲೆ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ಕೂತಿತು. ಅದರ ವರದಿ ಸಂಸತ್ತಿಗೆ ಬಂತು, ಕೆಲವು ಭಾಗ ಕತ್ತರಿಸಿಕೊಂಡು. ಉಳಿದದ್ದನ್ನು ಹುಡುಕಿ ಓದು. ಅದರಲ್ಲಿ ಎರಡು ಸಂಗತಿ ನಿನಗೋಸ್ಕರವೇ ಇಟ್ಟ ಹಾಗಿವೆ. 1998ರ ಜೂನಿನಲ್ಲಿ ಗಡಿ ನಿಯಂತ್ರಣ ರೇಖೆಯ ಆಚೆ ಚಟುವಟಿಕೆ ಹೆಚ್ಚಾಗಿದೆ ಅಂತ ಐಬಿ ಮುಖ್ಯಸ್ಥರೇ ಸಹಿ ಹಾಕಿ ಒಂದು ಪತ್ರ ಕಳಿಸಿದರು. ಪ್ರಧಾನಿಗೆ ಹೋಯಿತು, ಗೃಹಸಚಿವರಿಗೆ ಹೋಯಿತು. ‘ರಾ’ ಮುಖ್ಯಸ್ಥರಿಗೆ, ಜಂಟಿ ಗುಪ್ತಚರ ಸಮಿತಿಗೆ, ಸೇನೆಯ ಗುಪ್ತಚರ ವಿಭಾಗಕ್ಕೆ ಮಾತ್ರ ಕಳಿಸಿರಲಿಲ್ಲ. ಯಾರು ಅದನ್ನು ತೂಗಿ ನೋಡಬೇಕಿತ್ತೋ ಅವರಿಗೇ ತಲುಪಲಿಲ್ಲ.

ಎರಡನೆಯದು ಇನ್ನೂ ವಿಚಿತ್ರ. ‘ರಾ’ ಆರು ತಿಂಗಳಿಗೊಮ್ಮೆ ಪಾಕಿಸ್ತಾನದ ಬಗ್ಗೆ ಅಂದಾಜು ವರದಿ ಬರೆಯುತ್ತಿತ್ತು. 1998ರ ಸೆಪ್ಟೆಂಬರಿಗೆ ಮುಗಿದ ವರದಿಯಲ್ಲಿ, ಅವರು ಸೀಮಿತವಾದ, ಚುರುಕಾದ ಒಂದು ದಾಳಿ ಮಾಡಬಹುದು ಅನ್ನುವ ಮಾತು ಇತ್ತು. 1999ರ ಮಾರ್ಚಿನ ವರದಿಯಲ್ಲಿ ಆ ಮಾತು ಇಲ್ಲ. ಪಾಕಿಸ್ತಾನದ ಕೈಯಲ್ಲಿ ಕಾಸಿಲ್ಲ, ಇಂಥ ಸಾಹಸಕ್ಕೆ ಇಳಿಯಲಾರರು ಅನ್ನುವ ಧಾಟಿ. ಮೇ ತಿಂಗಳ ಮೊದಲ ವಾರ ಬಟಾಲಿಕ್ ಕಡೆಯ ಕುರುಬರು ಬೆಟ್ಟದ ಮೇಲೆ ಅಪರಿಚಿತರನ್ನು ನೋಡಿದರು. ಅಂದರೆ ಆಫೀಸಿನಲ್ಲಿ ಯಾರೋ ಒಬ್ಬರು ಆ ವಾಕ್ಯ ಬರೆದರು. ಆರು ತಿಂಗಳಲ್ಲಿ ಅದು ಹೊರಗೆ ಹೋಯಿತು. ಬರೆದವರೇ ತೆಗೆದರಾ? ಮೇಲಿನವರು ಕೆಂಪು ಗೆರೆ ಎಳೆದರಾ? ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋಗಿಬಂದಿದ್ದ ಆ ದಿನಗಳ ಗಾಳಿಯಲ್ಲಿ ಕೆಟ್ಟ ಸುದ್ದಿ ಬರೆಯುವವನಿಗೆ ಹೇಗನ್ನಿಸಿರಬೇಕು? ಇಲ್ಲಿ ಕಲ್ಪನೆಗೆ ನಿನಗೆ ಪೂರ್ತಿ ಹಕ್ಕಿದೆ. ನಾನಾಗಿದ್ದರೆ ನಾಯಕನನ್ನು ಕರಾಚಿಯಿಂದ ಕರೆಸಿ ಆ ಮೇಜಿನ ಮುಂದೆ ಕೂರಿಸುತ್ತಿದ್ದೆ.

ಅದೇ ವರ್ಷದ ಇನ್ನೊಂದು ಕಥೆ. ಮೇ ಕೊನೆಯಲ್ಲಿ ಬೀಜಿಂಗ್‌ನಲ್ಲಿದ್ದ ಪಾಕಿಸ್ತಾನದ ಸೇನಾ ಮುಖ್ಯಸ್ಥ ಜನರಲ್ ಮುಷರಫ್ ರಾವಲ್ಪಿಂಡಿಯಲ್ಲಿದ್ದ ತಮ್ಮ ಸೇನೆಯ ಲೆಫ್ಟಿನೆಂಟ್ ಜನರಲ್ ಮೊಹಮ್ಮದ್ ಅಜೀಜ್ ಜತೆ ಫೋನಿನಲ್ಲಿ ಮಾತಾಡಿದರು. ನಮ್ಮವರು ಅದನ್ನು ಕದ್ದು ಕೇಳಿ ರೆಕಾರ್ಡ್ ಮಾಡಿಕೊಂಡರು. ಬೆಟ್ಟದ ಮೇಲಿರುವವರು ಮುಜಾಹಿದೀನರು, ತಮ್ಮ ಸೇನೆ ಅಲ್ಲ ಅನ್ನುತ್ತಿದ್ದ ಪಾಕಿಸ್ತಾನದ ಬಾಯಿ ಮುಚ್ಚಿಸಲು ಇದಕ್ಕಿಂತ ಸಾಕ್ಷಿ ಬೇಕಾ? ಜೂನ್ 11ರಂದು ಸರ್ಕಾರ ಅದನ್ನು ಪತ್ರಕರ್ತರ ಮುಂದೆ ಇಟ್ಟಿತು. ಆದರೆ ಹೊರಗಿಟ್ಟ ಕ್ಷಣವೇ ನಾವು ಎಲ್ಲಿ ಕಿವಿ ಇಟ್ಟಿದ್ದೇವೆ ಅನ್ನುವುದು ಎದುರಾಳಿಗೂ ಗೊತ್ತಾಗುತ್ತದೆ. ಮತ್ತೆ ಆ ಫೋನಿನಲ್ಲಿ ಯಾರೂ ಮಾತಾಡುವುದಿಲ್ಲ. ಹೊರಗಿಡಬಾರದಿತ್ತು ಅನ್ನುವವರು ಸಂಸ್ಥೆಯ ಹಳಬರಲ್ಲಿ ಇವತ್ತಿಗೂ ಇದ್ದಾರೆ. ನನ್ನ ಕೇಳಿದರೆ ಹೊರಗಿಟ್ಟದ್ದು ಸರಿ. ಯುದ್ಧದ ಹೊತ್ತಿನಲ್ಲಿ ಬಳಸದೆ ಪೆಟ್ಟಿಗೆಯಲ್ಲಿಟ್ಟ ಗುಟ್ಟಿನಿಂದ ಏನು ಪ್ರಯೋಜನ? ಆದರೆ ನಿನ್ನ ಕಾದಂಬರಿಯಲ್ಲಿ ಈ ಜಗಳವನ್ನು ಇಬ್ಬರ ಬಾಯಲ್ಲಿ ಇಡು, ಇಬ್ಬರೂ ಬುದ್ಧಿವಂತರಾಗಿರಲಿ.

ವರದಿ ಓದುವವರು ಕೊನೆಗೆ ರಾಜಕಾರಣಿಗಳು ಅನ್ನುವುದನ್ನೂ ಮರೆಯಬೇಡ. 1977ರಲ್ಲಿ ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ತುರ್ತು ಪರಿಸ್ಥಿತಿಯಲ್ಲಿ ‘ರಾ’ ಇಂದಿರಾ ಅವರ ಕೈಗೊಂಬೆಯಾಗಿತ್ತು ಅನ್ನುವ ಸಂಶಯ ಅವರಿಗಿತ್ತು. ಕಾವ್ ಹೊರಗೆ ಹೋದರು, ಸಂಸ್ಥೆಯ ರೆಕ್ಕೆ ಕತ್ತರಿಸಿದರು. ಇದರಲ್ಲಿ ಒಂದು ಹಳೆಯ ಸಮಸ್ಯೆ ಇದೆ. ‘ರಾ’ ಹುಟ್ಟಿದ್ದು ಸರ್ಕಾರಿ ಆದೇಶದಿಂದ, ಸಂಸತ್ತು ಮಾಡಿದ ಕಾಯ್ದೆಯಿಂದ ಅಲ್ಲ. ಅಮೆರಿಕದ ಸಿಐಎಗೆ 1947ರ ಕಾಯ್ದೆ ಇದೆ, 1976ರಿಂದ ಸೆನೆಟ್ ಸಮಿತಿಯ ಕಣ್ಣೂ ಇದೆ. ಬ್ರಿಟನ್ 1994ರಲ್ಲಿ ಕಾಯ್ದೆ ಮಾಡಿತು. ನಮ್ಮಲ್ಲಿ 2011ರಲ್ಲಿ ಮನೀಶ್ ತಿವಾರಿ ಒಂದು ಖಾಸಗಿ ಮಸೂದೆ ತಂದರು, ಅದು ಅಲ್ಲೇ ಉಳಿಯಿತು. ಸಂಸತ್ತು ಪ್ರಶ್ನೆ ಕೇಳದ ಕಡೆ ಒಳ್ಳೆಯ ಅಧಿಕಾರಿಯನ್ನು ಕಾಪಾಡುವವರೂ ಇರುವುದಿಲ್ಲ, ಕೆಟ್ಟವನನ್ನು ತಡೆಯುವವರೂ ಇರುವುದಿಲ್ಲ. ನಿನ್ನ ನಾಯಕ ದೇಶಭಕ್ತ, ಒಪ್ಪಿದೆ. ಅವನಿಗೆ ತಪ್ಪು ಆದೇಶ ಬಂದರೆ ಏನು ಮಾಡುತ್ತಾನೆ?

ಮಾಹಿತಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೆ. ಆರ್‌ಟಿಐ ಹಾಕಿ ಕೂರಬೇಡ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಈ ಸಂಸ್ಥೆಗಳಿಗೆ 24ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ನಿವೃತ್ತರ ನೆನಪಿನ ಪುಸ್ತಕಗಳನ್ನು ಓದು, ಆದರೆ ಪ್ರತಿಯೊಬ್ಬರೂ ತಮ್ಮ ಕಾಲದಲ್ಲಿ ಎಲ್ಲ ಸರಿಯಿತ್ತು ಅನ್ನುತ್ತಾರೆ. ಇಬ್ಬರದನ್ನು ಎದುರುಬದುರು ಇಟ್ಟು ಓದು. 2021ರಲ್ಲಿ ಪಿಂಚಣಿ ನಿಯಮ ಬದಲಾಯಿಸಿದ್ದಾರೆ. ಗುಪ್ತಚರ ಸಂಸ್ಥೆಗಳಲ್ಲಿ ಇದ್ದವರು ಆ ಕೆಲಸದ ಬಗ್ಗೆ ಬರೆಯಬೇಕಾದರೆ ಮೊದಲೇ ಅನುಮತಿ ಬೇಕು. ಹಾಗಾಗಿ ಯಾರಾದರೂ ಹಿರಿಯರು ಕಾಫಿ ಕುಡಿಯುತ್ತಾ ನಿನ್ನ ಹತ್ತಿರ ಏನೋ ಹೇಳಿದರೆ ಅವರ ಊರು, ಪೋಸ್ಟಿಂಗು, ವರ್ಷ ಎಲ್ಲ ಬದಲಿಸಿ ಬರಿ. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜೀವಂತ ಇದೆ. ನಿನ್ನ ಒಂದು ಒಳ್ಳೆಯ ಪ್ಯಾರಾಕ್ಕಾಗಿ ಅವರ ಪಿಂಚಣಿ ಹೋಗುವುದು ಬೇಡ.

ಪಾಕಿಸ್ತಾನದ ಅಣುಕೇಂದ್ರ ಇರುವ ಕಹೂಟಾದ ಕ್ಷೌರದಂಗಡಿಯಿಂದ ವಿಜ್ಞಾನಿಗಳ ಕೂದಲು ಕದ್ದು ಅಣುಬಾಂಬಿನ ಗುಟ್ಟು ಪತ್ತೆ ಮಾಡಿದರು ಅನ್ನುವ ಕಥೆ ನಿನ್ನ ಮೂರನೇ ಅಧ್ಯಾಯದಲ್ಲಿ ಇದೆ. ಮಜವಾದ ಕಥೆ. ಆದರೆ ಹೇಳುವವರೆಲ್ಲ ಇನ್ನೊಬ್ಬರಿಂದ ಕೇಳಿದ್ದನ್ನೇ ಹೇಳುತ್ತಾರೆ. ಎಫ್ 6 ಕೊಡಬಹುದಾದ ಸುದ್ದಿ, ಅಂದರೆ ಹೇಳಿದವನನ್ನೂ ತೂಗಲಾಗದು, ಸುದ್ದಿಯನ್ನೂ ತೂಗಲಾಗದು. ಬೇಕೇ ಬೇಕು ಅಂದರೆ ಪಾತ್ರವೊಂದು ಕ್ಯಾಂಟೀನಿನಲ್ಲಿ ಹೊಡೆಯುವ ಬಡಾಯಿಯಾಗಿ ಇಟ್ಟುಕೋ, ನಿರೂಪಕನ ಬಾಯಲ್ಲಿ ಬೇಡ.

ಮೊದಲ ಅಧ್ಯಾಯ ತೆಗೆದುಬಿಡು. ಎರಡನೆಯದರಲ್ಲಿ ಆ ಗುಮಾಸ್ತನಿಗೆ ಒಂದು ಹೆಸರು ಕೊಟ್ಟು, ಅವನಿಂದಲೇ ಶುರು ಮಾಡಿ ನೋಡು. ದಸರೆ ಒಳಗೆ ಆದರೆ ಕಳಿಸು. ಪ್ರಿಂಟ್ ತೆಗೆದೇ ಕಳಿಸು ಮಾರಾಯ, ಮೊಬೈಲಿನಲ್ಲಿ ಓದುವುದು ನನ್ನ ಕಣ್ಣಿಗೆ ಆಗುವುದಿಲ್ಲ. ಅಮ್ಮನಿಗೆ ನಮಸ್ಕಾರ ತಿಳಿಸು.

ಪ್ರೀತಿಯಿಂದ,
ನಿನ್ನ ಅಣ್ಣ