ನೀನು ಬರೆದ ಆ ಒಂದು ಸಾಲಿನ ಬಗ್ಗೆ

ದಾವಣಗೆರೆ

ಚಿ. ಕು. ಸಹನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ತಲುಪಿತು. ಅಮೆರಿಕದಲ್ಲಿ ನಿನ್ನ ಓದು, ಚಳಿ, ಬಾಡಿಗೆ, ಅಡುಗೆಯ ವಿಚಾರಗಳನ್ನು ನಿನ್ನ ಅಪ್ಪ ನನಗೆ ಆಗಾಗ ಹೇಳುತ್ತಲೇ ಇರುವುದರಿಂದ ಅವುಗಳ ಬಗ್ಗೆ ಬರೆಯುವುದಿಲ್ಲ. ಫೆಂಟನಿಲ್ ಎಂಬ ನೋವಿನ ಔಷಧಿಯನ್ನು ಮಾದಕ ವಸ್ತುವಾಗಿ ಮಾರಿ ಸಾವಿಗೆ ಕಾರಣರಾದವರನ್ನು ಕೊಲೆಗಾರರೆಂದೇ ಶಿಕ್ಷಿಸಬೇಕೆಂಬ ವಿಷಯದ ಮೇಲೆ ನಿಮ್ಮ ತರಗತಿಯಲ್ಲಿ ಚರ್ಚೆಯಿದೆ, ನೀನು ಅದರ ಪರವಾಗಿ ಮಾತನಾಡಲಿದ್ದೀ, ಬದುಕೆಲ್ಲ ಔಷಧಿ ಅಂಗಡಿಯಲ್ಲಿ ಕಳೆದ ದೊಡ್ಡಪ್ಪನಿಂದ ಕೆಲವು ಅಂಶಗಳು ಬೇಕು ಎಂದು ಕೇಳಿದ್ದೀಯ. ತಿಳಿದಷ್ಟು ಬರೆಯುತ್ತೇನೆ. ಆದರೆ ನಿಮ್ಮ ಕಟ್ಟಡದಲ್ಲಿ ತೀರಿಕೊಂಡ ಹುಡುಗನ ವಿಷಯ ಹೇಳುತ್ತಾ ನೀನು ಒಂದು ಸಾಲು ಬರೆದಿದ್ದೀಯಲ್ಲ, "ಜೊತೆಗಿದ್ದವರು ಪೊಲೀಸರಿಗೆ ಹೆದರಿ ಫೋನ್ ಮಾಡಲು ತಡ ಮಾಡಿದರಂತೆ, ವೀಸಾ ಮೇಲಿರುವ ನಾನಾಗಿದ್ದರೂ ಹಿಂದೆಮುಂದೆ ನೋಡುತ್ತಿದ್ದೆನೇನೋ ದೊಡ್ಡಪ್ಪ" ಎಂದು, ಅದನ್ನು ಓದಿದ ಮೇಲೆ ನನಗೆ ನಿನ್ನ ಚರ್ಚೆಗಿಂತ ಆ ಮಾತೇ ದೊಡ್ಡದಾಗಿಬಿಟ್ಟಿದೆ.

ಹಿಂದೆಮುಂದೆ ನೋಡುವಷ್ಟು ಹೊತ್ತನ್ನು ಈ ಔಷಧಿ ಕೊಡುವುದಿಲ್ಲ ಮಗಳೇ. ಅಫೀಮಿನ ಜಾತಿಗೆ ಸೇರಿದ ಎಲ್ಲವೂ ಮಿತಿಮೀರಿದಾಗ ಕೊಲ್ಲುವುದು ಉಸಿರಾಟವನ್ನು ಅಡಗಿಸುವುದರಿಂದ. ಫೆಂಟನಿಲ್ ಅದರಲ್ಲಿ ಬಹಳ ವೇಗದ್ದು. ಬೆಲ್ಜಿಯಂನ ಪಾಲ್ ಜಾನ್ಸೆನ್ ಅವರು ಇದನ್ನು ತಯಾರಿಸಿದ್ದು ಶಸ್ತ್ರಚಿಕಿತ್ಸೆಗೆ ಅನುಕೂಲವಾಗಲೆಂದು, ಇಂದಿಗೂ ನಮ್ಮ ಊರಿನ ಆಪರೇಷನ್ ಥಿಯೇಟರುಗಳಲ್ಲಿ ಅರಿವಳಿಕೆಯ ವೈದ್ಯರು ಅದನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ, ರೋಗಿಯ ಉಸಿರಿನ ಮೇಲೆ ಕಣ್ಣಿಟ್ಟುಕೊಂಡೇ ಕೊಡುತ್ತಾರೆ. ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ತೀಕ್ಷ್ಣವಾದ, 2 ಮಿಲಿಗ್ರಾಂ ಹೋದರೂ ಪ್ರಾಣಾಪಾಯವಾಗಬಹುದಾದ ಆ ವಸ್ತುವನ್ನು ನಿಮ್ಮಲ್ಲಿ ಯಾರೋ ಯಾವುದೋ ಕೋಣೆಯಲ್ಲಿ ಕೂತು ಅಂದಾಜಿನ ಮೇಲೆ ನಕಲಿ ಮಾತ್ರೆಗಳಿಗೆ ಬೆರೆಸುತ್ತಾರೆ. ತಿಂದವನ ಮೆದುಳು ಆಮ್ಲಜನಕವಿಲ್ಲದೆ ತಾಳುವುದು ಕೆಲವೇ ನಿಮಿಷ.

ಹಾಗೆ ಬೆರೆಸುವವನಿಗೆ ಕಠಿಣ ಶಿಕ್ಷೆ ಬೇಡ ಎನ್ನುವವನು ನಾನಲ್ಲ. ವರ್ಷಕ್ಕೆ ಲಕ್ಷಕ್ಕೂ ಮೀರಿದ ಜನ ಮಾದಕ ವಸ್ತುಗಳ ಮಿತಿಮೀರಿದ ಸೇವನೆಯಿಂದ ಸತ್ತ ದೇಶ ಅದು, 2021ರಿಂದ 2023ರವರೆಗೆ ಪ್ರತಿ ವರ್ಷವೂ ಹಾಗೆಯೇ ಆಯಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಶಾಸನಸಭೆಯ ಮುಂದೆ ಫೋಟೋ ಹಿಡಿದು ನಿಂತರೆ ಅವರಿಗೆ ಅಂಕಿಅಂಶ ಹೇಳುವ ಧೈರ್ಯ ನನಗಿಲ್ಲ. ಆದರೆ ನಿನ್ನ ವಾದದಲ್ಲಿ ಒಂದು ಕಡೆ ಎಡವಿದ್ದೀಯ. ಅಲ್ಲಿ ಈಗಿರುವ ಕಾನೂನು ಮೃದುವಾಗಿದೆ ಎಂದು ನೀನು ಭಾವಿಸಿದಂತಿದೆ. 1986ರಲ್ಲಿ ಲೆನ್ ಬಯಾಸ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ ಕೊಕೇನ್‌ನಿಂದ ಸತ್ತಾಗ ಎದ್ದ ಕೋಲಾಹಲದಲ್ಲಿ, ಅದೇ ವರ್ಷ ಅಮೆರಿಕದ ಸಂಸತ್ತು ಮಾಡಿದ ಕಾನೂನಿನ ಪ್ರಕಾರ, ಕೊಟ್ಟ ಮಾದಕ ವಸ್ತುವಿನಿಂದ ಸಾವು ಸಂಭವಿಸಿದರೆ ಕೊಟ್ಟವನಿಗೆ ಕನಿಷ್ಠ 20 ವರ್ಷ, ಗರಿಷ್ಠ ಜೀವಾವಧಿ. ಅದು ಬಂದು ಹತ್ತಿರ ಹತ್ತಿರ ನಲವತ್ತು ವರ್ಷಗಳಾದವು. ಫೆಂಟನಿಲ್ ಆ ಕಾನೂನನ್ನು ಕಂಡು ಹಿಂದೆ ಸರಿಯಲಿಲ್ಲ. 2014ರ ಬರೇಜ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸತ್ತವನ ದೇಹದಲ್ಲಿ ಹಲವು ವಸ್ತುಗಳು ಸಿಕ್ಕಿದ್ದಾಗ ಆರೋಪಿ ಕೊಟ್ಟದ್ದು ಸಾವಿಗೆ ನೆರವಾಯಿತು ಎಂದಷ್ಟೇ ತೋರಿಸಿದರೆ ಸಾಲದು, ಅದಿಲ್ಲದಿದ್ದರೆ ಅವನು ಸಾಯುತ್ತಿರಲಿಲ್ಲ ಎಂಬುದು ಸಾಬೀತಾಗಬೇಕು ಎಂದಿತು. ಎದುರು ಪಕ್ಷದವರು ಇದನ್ನು ಎತ್ತದೆ ಬಿಡುವುದಿಲ್ಲ, ಓದಿಕೊಂಡು ಹೋಗು.

ಇನ್ನೊಂದು ಪ್ರಶ್ನೆ, ಕೊಟ್ಟವನು ಯಾರು? ನಿನ್ನ ಮನಸ್ಸಿನಲ್ಲಿರುವುದು ಕಾರಿನಲ್ಲಿ ಬಂದು ಪೊಟ್ಟಣ ಮಾರಿ ಹೋಗುವ ದುಷ್ಟ. ನ್ಯಾಯಾಲಯಕ್ಕೆ ಬಂದು ನಿಲ್ಲುವವರಲ್ಲಿ ಅನೇಕರು ತಮ್ಮ ಚಟಕ್ಕೆ ತಂದದ್ದರಲ್ಲಿ ಅರ್ಧ ಹಂಚಿಕೊಂಡ ಗೆಳೆಯರು, ಪ್ರೇಮಿಗಳು, ಒಮ್ಮೊಮ್ಮೆ ಒಡಹುಟ್ಟಿದವರು. (ಆಕ್ಸಿಕಾಂಟಿನ್ ಎಂಬ, ಅಫೀಮಿನ ಜಾತಿಯ ನೋವಿನ ಮಾತ್ರೆಯ ಚಟದ ಅಪಾಯವನ್ನು ಮರೆಮಾಚಿ ಮಾರಿದ್ದಕ್ಕೆ ಅಲ್ಲಿನ ಪರ್ಡ್ಯೂ ಎಂಬ ಔಷಧಿ ಕಂಪನಿ 2007ರಲ್ಲಿ ತಪ್ಪೊಪ್ಪಿಕೊಂಡಾಗ ಅದರ ಹಿರಿಯ ಅಧಿಕಾರಿಗಳು ದಂಡ ಕಟ್ಟಿದರೇ ಹೊರತು ಜೈಲಿಗೆ ಹೋಗಲಿಲ್ಲ. ಅಂಗಡಿಯವನಾದ ನನಗೆ ಇದು ಇಂದಿಗೂ ಉರಿಯುವ ಸಂಗತಿ, ನಿನ್ನ ಚರ್ಚೆಗೆ ಬೇಕಿದ್ದರೆ ಬಳಸಿಕೋ.) ಸಾಯುವವನ ಪಕ್ಕದಲ್ಲಿ ಕೂತಿರುವುದು ಆ ದುಷ್ಟನಲ್ಲ, ಈ ಗೆಳೆಯ. ಫೋನ್ ಇರುವುದು ಅವನ ಕೈಯಲ್ಲಿ. ಇಪ್ಪತ್ತು ವರ್ಷದ ಜೈಲು ಅವನಿಗೆ ನೆನಪಾಗುವುದು ಮಾತ್ರೆ ಹಂಚುವಾಗ ಅಲ್ಲ, ಗೆಳೆಯನ ತುಟಿ ನೀಲಿಯಾದಾಗ.

ಕಾನೂನಿನ ಭಯ ಯಾರನ್ನು ಮುಟ್ಟಬೇಕೋ ಅವರನ್ನು ಬಿಟ್ಟು ಬೇರೆಯವರನ್ನು ಮುಟ್ಟುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಇಷ್ಟು ಬರೆಯುತ್ತಿರುವುದು. ಮಾದಕ ವಸ್ತುಗಳನ್ನು ನಿಯಂತ್ರಿಸುವ ನಮ್ಮ ದೇಶದ ಎನ್‌ಡಿಪಿಎಸ್ ಕಾಯ್ದೆ 1985ರ ನವೆಂಬರ್ 14ರಂದು ಜಾರಿಗೆ ಬಂತು. ಅಫೀಮು, ಮಾರ್ಫಿನ್, ಹೆರಾಯಿನ್ ಯಾವುದೇ ಇರಲಿ, ಸ್ವಂತ ಸೇವನೆಯ ಅಲ್ಪ ಪ್ರಮಾಣವನ್ನು ಬಿಟ್ಟರೆ ಕನಿಷ್ಠ 10 ವರ್ಷ ಕಠಿಣ ಸಜೆ. ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆ ಎಂಬ ವಿವೇಕ ಬಂದದ್ದು 2001ರ ತಿದ್ದುಪಡಿಯಲ್ಲಿ. ನಿನ್ನ ಅಜ್ಜಿಯ ಕೊನೆಯ ತಿಂಗಳುಗಳು ಈ ಎರಡರ ನಡುವಿನ ಕಾಲದಲ್ಲಿ ಬಂದವು. ಆ ಕಾಯಿಲೆಯ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಿನ್ನ ಅಪ್ಪನಿಗೂ ಗೊತ್ತಿಲ್ಲದ್ದೆಂದರೆ, ಡಾಕ್ಟರು ನೋವಿಗೆ ಮಾರ್ಫಿನ್ ಸಿಕ್ಕರೆ ಒಳ್ಳೆಯದು ಎಂದ ಮರುದಿನ ನಾನು ಪರಿಚಯದ ಸಗಟು ವ್ಯಾಪಾರಿಯೊಬ್ಬರ ಹತ್ತಿರ ಹೋಗಿದ್ದೆ. ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. ವಿಷಯ ಹೇಳಿದೊಡನೆ ಎದ್ದು ಹೋಗಿ ಗೋದಾಮಿನ ಬಾಗಿಲು ಮುಂದೆ ಮಾಡಿ ಬಂದು, "ಅದರ ಹೆಸರನ್ನು ಅಂಗಡಿಯಲ್ಲಿ ಎತ್ತಬೇಡಿ, ಒಂದು ಆಂಪ್ಯೂಲಿನ ಲೆಕ್ಕ ತಪ್ಪಿದರೆ ಹತ್ತು ವರ್ಷ, ನನಗೂ ಮಕ್ಕಳಿದ್ದಾರೆ" ಎಂದರು. ಅವರು ಕೆಟ್ಟವರಲ್ಲ. ಪರವಾನಗಿಗಾಗಿ ಹಲವು ಇಲಾಖೆಗಳಿಗೆ ಅಲೆಯಬೇಕಾಗಿದ್ದ ಆ ಸರಕನ್ನು ನಮ್ಮ ಬೀದಿಯಲ್ಲಿ ಯಾರೂ ಇಡುತ್ತಿರಲಿಲ್ಲ, ನಾನೂ ಇಟ್ಟಿರಲಿಲ್ಲ. ಸರ್ಕಾರದ ಲೈಸೆನ್ಸಿನಲ್ಲೇ ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಅಫೀಮು ಬೆಳೆದು ಹೊರದೇಶದ ಔಷಧಿ ಕಂಪನಿಗಳಿಗೆ ಕಳುಹಿಸುವ ಈ ದೇಶದಲ್ಲಿ ನಿನ್ನ ಅಜ್ಜಿಗೆ ನೋವಿಗೆಂದು ಸಿಕ್ಕಿದ್ದು ಫೋರ್ಟ್‌ವಿನ್ ಇಂಜೆಕ್ಷನ್. ಅದರ ಪ್ರಭಾವ ಮೂರು ನಾಲ್ಕು ಗಂಟೆ. ಉಳಿದ ಹೊತ್ತೆಲ್ಲ ಆಕೆ ಗೋಡೆಯ ಗಡಿಯಾರವನ್ನೇ ನೋಡುತ್ತಾ ಮಲಗಿರುತ್ತಿದ್ದಳು. ಮಾರ್ಫಿನ್, ಫೆಂಟನಿಲ್ ಮೊದಲಾದವನ್ನು ಅಗತ್ಯ ಔಷಧಿಗಳೆಂದು ಬೇರ್ಪಡಿಸಿ ಪರವಾನಗಿಯನ್ನು ಸರಳಗೊಳಿಸುವ ತಿದ್ದುಪಡಿ 2014ರಲ್ಲಿ ಬಂತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಯಾರೊಂದಿಗೂ ಮಾತನಾಡಲಿಲ್ಲ. ಅಂದು ಆ ಸಗಟು ವ್ಯಾಪಾರಿ ಬಾಗಿಲು ಮುಂದೆ ಮಾಡಿದ ಮೇಲೆ ನಾನು ಇನ್ನೊಂದು ಮಾತು ಕೇಳದೆ ಎದ್ದು ಬಂದೆನಲ್ಲ, ಬೆಂಗಳೂರಿಗಾದರೂ ಹೋಗಬಹುದಿತ್ತಲ್ಲ ಎಂಬುದು ಈಗಲೂ ಕೊರೆಯುತ್ತದೆ.

ವಿಷಯ ಬಿಟ್ಟು ಎಲ್ಲಿಗೋ ಹೋದೆ ಅನ್ನಿಸಬಹುದು. ನನ್ನ ಮಟ್ಟಿಗೆ ಎರಡೂ ಒಂದೇ. ಆ ವ್ಯಾಪಾರಿ ಬಾಗಿಲು ಮುಂದೆ ಮಾಡಿದ್ದಕ್ಕೂ, ನಿಮ್ಮ ಕಟ್ಟಡದ ಹುಡುಗರು ಫೋನ್ ಎತ್ತಲು ತಡ ಮಾಡಿದ್ದಕ್ಕೂ, ನೀನು ವೀಸಾ ನೆನೆದದ್ದಕ್ಕೂ ಕಾರಣವಾದ ಭಯ ಒಂದೇ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪ್ರಾಣಾಪಾಯದ ಹೊತ್ತಿನಲ್ಲಿ ನೆರವು ಕರೆದವರನ್ನು ಸಣ್ಣಪುಟ್ಟ ಮಾದಕ ವಸ್ತು ಪ್ರಕರಣಗಳಿಂದ ರಕ್ಷಿಸುವ ಕಾನೂನುಗಳಿವೆ. ಆದರೆ ಸಾವು ಸಂಭವಿಸಿ ಅದು ಕೊಲೆಯ ಆರೋಪವಾದರೆ ಆ ರಕ್ಷಣೆ ಸಾಮಾನ್ಯವಾಗಿ ನಿಲ್ಲುವುದಿಲ್ಲ, ವಲಸೆ ಇಲಾಖೆಯನ್ನು ರಾಜ್ಯದ ಕಾನೂನು ಕಟ್ಟಿಹಾಕುವುದೂ ಇಲ್ಲ. ಅಂದರೆ ನೀನು ಹೆದರಿದ್ದು ಸುಮ್ಮನೆ ಅಲ್ಲ. ಶಿಕ್ಷೆಯನ್ನು ಹೆಚ್ಚಿಸಲೇಬೇಕೆಂದು ನೀನು ವಾದಿಸುವುದಾದರೆ, ಫೋನ್ ಮಾಡಿದವನ ರಕ್ಷಣೆಯನ್ನೂ ಅಷ್ಟೇ ಹೆಚ್ಚಿಸಬೇಕೆಂದು ಅದೇ ಉಸಿರಿನಲ್ಲಿ ಹೇಳು. ಅದನ್ನು ಬಿಟ್ಟು ಶಿಕ್ಷೆಯನ್ನಷ್ಟೇ ಕೇಳಿದರೆ ನಾನು ಒಪ್ಪಲಾರೆ.

ನಿನ್ನ ವಿಷಯಕ್ಕೆ ಬಂದರೆ, ಕೈಯಲ್ಲಿ ಏನೂ ಇಲ್ಲದೆ, ಯಾರಿಗೂ ಏನೂ ಕೊಡದೆ, ಬಿದ್ದವನಿಗಾಗಿ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡುವುದು ಯಾವ ಅಪರಾಧವೂ ಅಲ್ಲ. ಆದರೂ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿಯಿರುತ್ತದೆ, ಒಮ್ಮೆ ಹೋಗಿ ಕೇಳಿಬಿಡು, ಆಮೇಲೆ ವೀಸಾದ ಚಿಂತೆ ಅಡ್ಡ ಬರಬಾರದು. ಅಫೀಮಿನ ಜಾತಿಯ ಔಷಧಿಗಳ ಪ್ರಭಾವವನ್ನು ತಡೆದು ಉಸಿರು ಮರಳಿಸುವ ನಲಾಕ್ಸೋನ್ ಎಂಬ ಮೂಗಿನ ಸ್ಪ್ರೇ 2023ರಿಂದ ಅಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಒಂದನ್ನು ತಂದಿಟ್ಟುಕೋ. ಬಿದ್ದವನು ತಿಂದದ್ದು ಬೇರೆ ಏನಾದರೂ ಆಗಿದ್ದರೆ ಅದರಿಂದ ಕೆಡುಕಿಲ್ಲ, ಎರಡು ಮೂರು ನಿಮಿಷದಲ್ಲಿ ಉಸಿರು ಮರಳದಿದ್ದರೆ ಇನ್ನೊಂದು ಹಾಕಬೇಕು, ಅದರ ಪ್ರಭಾವ ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದಾದ್ದರಿಂದ ಆಂಬ್ಯುಲೆನ್ಸ್ ಬರುವವರೆಗೂ ಬಿಟ್ಟು ಕದಲಬಾರದು. ಗೊರಕೆಯಂಥ ಸದ್ದು ಬಂದರೆ ನಿದ್ದೆ ಎಂದುಕೊಳ್ಳಬೇಡ. ಇಷ್ಟೆಲ್ಲ ಹೇಳಿ ನಿನ್ನನ್ನು ಇನ್ನಷ್ಟು ಹೆದರಿಸುತ್ತಿದ್ದೇನೇನೋ, ಕ್ಷಮಿಸು. ಇಲ್ಲಿಂದ ಹೋಗುವಾಗ ನಿನ್ನ ಬೆನ್ನುನೋವಿಗೆಂದು ಟ್ರಾಮಡಾಲ್ (ಅದೂ ಅಫೀಮಿನ ಜಾತಿಯದೇ) ಇರುವ ಮಾತ್ರೆಯ ಸ್ಟ್ರಿಪ್ ಒಯ್ದಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ಇಲ್ಲಿ ಅದನ್ನು 2018ರಿಂದ ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿದ್ದಾರೆ, ಅಲ್ಲಿಯೂ ಅದು ನಿಯಂತ್ರಿತ ಔಷಧಿ. ತಲೆನೋವೆಂದು ಯಾರು ಕೇಳಿದರೂ ಅದರಲ್ಲಿ ಒಂದನ್ನೂ ಕೊಡಬೇಡ, ಸಾಧ್ಯವಾದರೆ ಅಲ್ಲಿನ ಫಾರ್ಮಸಿಗೆ ಹಿಂದಿರುಗಿಸಿಬಿಡು.

ಚರ್ಚೆಯ ದಿನಾಂಕ ಬರೆದಿಲ್ಲ. ಆ ಕಚೇರಿಯವರು ಏನು ಹೇಳಿದರೆಂದು ಮಾತ್ರ ಮೊದಲು ತಿಳಿಸು, ಚರ್ಚೆಯಲ್ಲಿ ಯಾರು ಗೆದ್ದರೆಂಬುದನ್ನು ಆಮೇಲೆ ಬರೆದರೂ ನಡೆಯುತ್ತದೆ.

ಇಂತು,
ನಿನ್ನ ದೊಡ್ಡಪ್ಪ